ಮಾರತ್ತಹಳ್ಳಿಯ ಅತ್ತರು

ಬೆಂಗಳೂರಿನ ಮೂಡಲ ಅಂಚಿನಲ್ಲಿ, ವಿಮಾನ ಕಾರ್ಖಾನೆಯನ್ನು ಹಾದು ವರ್ತೂರಿನ ಕಡೆಗೆ ಸಾಗುವ ಹಳೆಯ ದಾರಿಯನ್ನು ಹೊರವರ್ತುಲ ರಸ್ತೆಯು ಅಡ್ಡಹಾಯುವ ತಾಣವೇ ಮಾರತ್ತಹಳ್ಳಿ. ಹೆಸರಿನಲ್ಲಿ ಮಾತ್ರ ಹಳ್ಳಿ ಉಳಿದಿದೆ. 1940ರಲ್ಲಿ ಕಾರ್ಖಾನೆ ಹುಟ್ಟಿದ ಕಾಲಕ್ಕೆ ಹೊಲಗದ್ದೆಗಳಿದ್ದ ನೆಲದ ಮೇಲೆ ಈಗ ಗಾಜಿನ ಕಚೇರಿಗಳು, ಬಟ್ಟೆಯ ಮಳಿಗೆಗಳು, ದುಡಿಯಲೆಂದು ದೂರದೂರದಿಂದ ಬಂದ ಹುಡುಗ ಹುಡುಗಿಯರು ತಂಗುವ ಪಿ.ಜಿ.ಗಳು ಒತ್ತೊತ್ತಾಗಿ ನಿಂತಿವೆ. ಕಾರ್ಖಾನೆಯಲ್ಲಿ ತಯಾರಾದ ‘ಮಾರುತ’ ವಿಮಾನದಿಂದಲೇ ಊರಿಗೆ ಈ ಹೆಸರು ಬಂದಿತೆಂದು ಹೇಳುವವರುಂಟು. ಮಾರುತ ಮೊದಲು ಹಾರಿದ್ದು 1961ರಲ್ಲಿ. ಊರು ಅದಕ್ಕಿಂತ ಹಳೆಯದು. ಕಥೆ ಸೊಗಸಾಗಿದೆ, ನಂಬುವುದು ಕಷ್ಟ. ಆದರೂ ಗಾಳಿಯ ಹೆಸರು ಈ ಊರಿಗೆ ಒಪ್ಪುತ್ತದೆಯೆಂದೇ ಹೇಳಬೇಕು. ಸಂಜೆ ಆರರ ಮೇಲೆ ಸೇತುವೆಯ ಬಳಿ ಬಸ್ಸಿನಿಂದ ಇಳಿದವನಿಗೆ ಕಣ್ಣಿಗಿಂತ ಮೊದಲು ಮೂಗು ಎಚ್ಚರಗೊಳ್ಳುತ್ತದೆ.

ಡೀಸೆಲ್ಲಿನ ಹೊಗೆ, ನೀರು ಕುಡಿದ ಸಿಮೆಂಟಿನ ಹಸಿ ವಾಸನೆ, ತಳ್ಳುಗಾಡಿಯ ಬಾಣಲೆಯಲ್ಲಿ ಕುದಿಯುವ ಎಣ್ಣೆ, ಹೊಸ ಬಟ್ಟೆಯ ಗಂಜಿ, ಹೂವಾಡಗಿತ್ತಿಯ ಬುಟ್ಟಿಯಿಂದ ಒಮ್ಮೆಗೇ ತೂರಿಬರುವ ಮಲ್ಲಿಗೆ. ಗಾಳಿ ಬೆಳ್ಳಂದೂರಿನ ಕಡೆಯಿಂದ ಬೀಸಿದರೆ ಇವೆಲ್ಲವೂ ಸೋತು ಕೆರೆಯ ನಾತವೊಂದೇ ಉಳಿಯುವ ದಿನಗಳೂ ಇದ್ದವು. 2017ರ ಫೆಬ್ರುವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಆ ಕೆರೆಗೇ ಬೆಂಕಿ ಬಿದ್ದಾಗ ಸುತ್ತಣ ಬಡಾವಣೆಗಳಿಗೆ ಹೊಗೆ ಹಬ್ಬಿದುದನ್ನು ಇಲ್ಲಿಯವರು ಮರೆತಿಲ್ಲ. ಇಂತಹ ಊರಿನಲ್ಲಿ ಅತ್ತರು ಮಾರುವವನೆಂದರೆ ಸಂತೆಯ ನಡುವೆ ಕೊಳಲು ನುಡಿಸಲು ಕುಳಿತವನಂತೆ. ಆದರೆ ಮಾರುವವರೂ ಇದ್ದಾರೆ, ಕೊಳ್ಳುವವರೂ ಇದ್ದಾರೆ.

ಅಂತಹ ಅಂಗಡಿಗೆ ಹೆಚ್ಚು ಜಾಗ ಬೇಕಿಲ್ಲ. ಎರಡು ಬಟ್ಟೆ ಮಳಿಗೆಗಳ ನಡುವಣ ಸಂದು, ಒಂದು ಗಾಜಿನ ಪೆಟ್ಟಿಗೆ, ಅದರಲ್ಲಿ ಸಾಲಾಗಿ ನಿಲ್ಲಿಸಿದ ಸೀಸೆಗಳು, ಮೇಲೊಂದು ವಿದ್ಯುದ್ದೀಪ: ಇಷ್ಟಾದರೆ ವ್ಯಾಪಾರ ನಡೆಯುತ್ತದೆ. ಹಿಂದೆ ತೊಲದ ಲೆಕ್ಕದಲ್ಲಿ ಮಾರುತ್ತಿದ್ದುದನ್ನು ಈಗ ಎಂ.ಎಲ್. ಲೆಕ್ಕದಲ್ಲಿ, ತುದಿಯಲ್ಲಿ ಗುಂಡು ತಿರುಗುವ ಪುಟ್ಟ ಸೀಸೆಗಳಿಗೆ ತುಂಬಿ ಕೊಡುತ್ತಾರೆ. ಅಂಗಡಿಯವನು ಗಿರಾಕಿಯ ಮುಖ ನೋಡುವುದಿಲ್ಲ, ಕೈ ನೋಡುತ್ತಾನೆ. ಬಿರಡೆ ತೆಗೆದು, ಅದರ ಗಾಜಿನ ಕಡ್ಡಿಯನ್ನು ಮಣಿಕಟ್ಟಿಗೆ ಸೋಕಿಸಿ, ‘ಉಜ್ಜಬೇಡಿ, ಸ್ವಲ್ಪ ಹೊತ್ತು ಬಿಡಿ’ ಎನ್ನುತ್ತಾನೆ. ಅತ್ತರಿನ ಪಾಠವೆಲ್ಲ ಆ ಒಂದು ಮಾತಿನಲ್ಲಿದೆ. ಮದ್ಯಸಾರದಲ್ಲಿ ಕರಗಿಸಿದ ಸೆಂಟು ಚಿಮ್ಮಿದೊಡನೆ ಕೂಗುತ್ತದೆ; ಮದ್ಯಸಾರ ಆರಿದಂತೆ ಅದರ ಕೂಗೂ ಆರುತ್ತದೆ. ಎಣ್ಣೆಯಲ್ಲಿ ನೆಲೆಸಿದ ಪರಿಮಳ ಹಾಗಲ್ಲ. ಅದಕ್ಕೆ ಮೈಯ ಬಿಸಿ ಬೇಕು. ಬಿಸಿ ತಾಗಿದಂತೆ ಹಗುರವಾದ ಅಂಶ ಮೊದಲು ಏಳುತ್ತದೆ, ಭಾರವಾದದ್ದು ಕಡೆಗೆ. ಚರ್ಮದ ಜಿಡ್ಡು, ಬೆವರು, ಅಂದಿನ ಸೆಕೆ ಎಲ್ಲವೂ ಅದರೊಡನೆ ಬೆರೆಯುವುದರಿಂದ ಒಂದೇ ಸೀಸೆಯ ಹನಿ ಅಣ್ಣನ ಕೈಯಲ್ಲಿ ಒಂದು ಬಗೆ, ತಂಗಿಯ ಕೈಯಲ್ಲಿ ಇನ್ನೊಂದು ಬಗೆ.

ಗುಲಾಬಿಯ ಅತ್ತರು ಮೊದಲ ಗಳಿಗೆಯಲ್ಲಿ ಜೇನಿನಂತೆ ದಟ್ಟವಾಗಿ, ಸ್ವಲ್ಪ ಖಾರವಾಗಿಯೂ ಇರುತ್ತದೆ. ಮದುವೆಯ ಮನೆಯ ಬಾಗಿಲಲ್ಲಿ ಪನ್ನೀರು ಚಿಮುಕಿಸಿಕೊಂಡು ಬೆಳೆದವರಿಗೆ ಅದು ಒಡನೆಯೇ ಪರಿಚಿತ. ಮಲ್ಲಿಗೆಯದು ಇದಕ್ಕೆ ವಿರುದ್ಧ: ಹಚ್ಚಿದಾಗ ಹಸಿಯ ಕಂಪು, ಅರ್ಧ ಗಂಟೆ ಕಳೆದ ಮೇಲೆ ಮುಡಿಯಲ್ಲಿ ಬಾಡಿದ ದಂಡೆಯ ಕಂಪು. ಈ ಎರಡನೆಯದನ್ನೇ ಮೆಚ್ಚುವವರುಂಟು, ಅದರಲ್ಲಿ ತಪ್ಪೇನೂ ಇಲ್ಲ. ಲಾವಂಚ ತಣ್ಣಗೆ, ಬೇಸಿಗೆಯ ಮಡಕೆಯ ನೀರಿನಂತೆ. ಕೇದಗೆ ಮೂಗಿಗೆ ಚುಚ್ಚುತ್ತದೆ, ಹೂವಿನ ಗರಿಯ ಮುಳ್ಳು ಕೈಗೆ ಚುಚ್ಚಿದ ಹಾಗೆ. ಕಸ್ತೂರಿಯೆಂಬ ಹೆಸರಿನ ಸೀಸೆಯನ್ನು ಕಂಡು ಮೃಗದ ನೆನಪು ಮಾಡಿಕೊಳ್ಳಬೇಕಾಗಿಲ್ಲ. ಕಸ್ತೂರಿ ಮೃಗಕ್ಕೆ ಕಾನೂನಿನ ರಕ್ಷಣೆಯಿದೆ, ಕೃತಕ ಕಸ್ತೂರಿಯಂತೂ 1888ರಲ್ಲೇ ಜರ್ಮನಿಯ ಆಲ್ಬರ್ಟ್ ಬೌರ್ ಎಂಬ ರಸಾಯನಜ್ಞನಿಗೆ ಆಕಸ್ಮಿಕವಾಗಿ ದೊರಕಿತ್ತು. ಈಚೆಗೆ ಕಚೇರಿಯ ಹುಡುಗರು ಕೇಳುವುದು ಹೆಚ್ಚಾಗಿ ‘ಊದ್’. ಅದು ನಮ್ಮ ಹಳೆಯ ಅಗರುವೇ. ಅಸ್ಸಾಮಿನ ಮರಕ್ಕೆ ಬೂಷ್ಟು ತಗುಲಿ, ಗಾಯಗೊಂಡ ಮರ ಸುರಿಸಿಕೊಂಡ ಅಂಟಿನಿಂದ ಆ ಪರಿಮಳ ಹುಟ್ಟುತ್ತದೆ. ಸೇತುವೆಯ ಬಳಿ ಸಿಗುವ ಅಗ್ಗದ ಊದ್ ಆ ಮರವನ್ನು ಕಂಡಿರಲಾರದು.

ಮಿಶ್ರಣಗಳಲ್ಲಿ ಸೊಗಸಾದುದು ಮಜ್ಮುವಾ. ಹೆಸರಿಗೆ ಅರ್ಥವೇ ‘ಕೂಡಿಸಿದ್ದು’. ಲಾವಂಚ, ಕೇದಗೆ, ಕದಂಬ, ಮಣ್ಣು ಈ ನಾಲ್ಕನ್ನು ಬೆರೆಸುವುದು ಅದರ ಹಳೆಯ ಪದ್ಧತಿ. ಬನವಾಸಿಯ ಅರಸುಮನೆತನಕ್ಕೆ ಹೆಸರು ಕೊಟ್ಟ ಮರದ ಹೂವು ಉತ್ತರ ದೇಶದ ಸೀಸೆಯಲ್ಲಿ ಕುಳಿತು ಮಾರತ್ತಹಳ್ಳಿಗೆ ಬಂದಿರುವುದು ವಿಚಿತ್ರವಲ್ಲವೆ? ಇನ್ನು ಮಣ್ಣಿನ ಅತ್ತರು. ಗಂಗೆಯ ಬಯಲಿನ ಕನೌಜಿನಲ್ಲಿ ಕಡುಬೇಸಗೆಯ ಮಣ್ಣನ್ನು ಬಿಲ್ಲೆ ತಟ್ಟಿ, ಸುಟ್ಟು, ಹಂಡೆಗೆ ಹಾಕಿ ಬಟ್ಟಿಯಿಳಿಸುತ್ತಾರೆ. ಮೊದಲ ಮಳೆಯ ವಾಸನೆಗೆ ‘ಪೆಟ್ರಿಕೋರ್’ ಎಂದು 1964ರಲ್ಲಿ ಹೆಸರಿಟ್ಟ ಆಸ್ಟ್ರೇಲಿಯದ ವಿಜ್ಞಾನಿಗಳಾದ ಬೇರ್ ಮತ್ತು ಥಾಮಸ್, ಭಾರತದ ಹಳ್ಳಿಗರು ಇದನ್ನು ಬಹುಕಾಲದಿಂದ ಸೀಸೆಗೆ ಇಳಿಸುತ್ತಿದ್ದಾರೆಂದು ತಮ್ಮ ಲೇಖನದಲ್ಲಿಯೇ ಒಪ್ಪಿಕೊಂಡಿದ್ದರು. ಅಂಗೈಯಗಲ ಬರಿ ನೆಲವೂ ಕಾಣಸಿಗದ ಊರಿನಲ್ಲಿ ನಿಂತು ಮಣಿಕಟ್ಟಿನ ಮೇಲೆ ಮಳೆ ಬಿದ್ದ ಮಣ್ಣನ್ನು ಮೂಸುವುದು ಒಂದು ಸುಖ; ಅದರಲ್ಲೊಂದು ಸಂಕಟವೂ ಇದೆ.

ಬೆರೆಸುವ ಈ ಕಲೆ ಕನ್ನಡಿಗರಿಗೆ ಹೊಸದಲ್ಲ. ವರಾಹಮಿಹಿರನ ಬೃಹತ್ಸಂಹಿತೆಯ ಗಂಧಯುಕ್ತಿ ಪ್ರಕರಣದಲ್ಲಿ ಹದಿನಾರು ದ್ರವ್ಯಗಳಿಂದ ನಾಲ್ಕನ್ನಾರಿಸಿ ಎಷ್ಟು ಬಗೆಯಲ್ಲಿ ಕೂಡಿಸಬಹುದೆಂಬ ಗಣಿತವಿದೆ; ಲೆಕ್ಕ 1,820ಕ್ಕೆ ಏರುತ್ತದೆ. ಸುಮಾರು 1025ರಲ್ಲಿ ಚಾಲುಕ್ಯರ ಆಶ್ರಯದಲ್ಲಿದ್ದ ಚಾವುಂಡರಾಯನು ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಬಾವಿ ತೋಡುವುದಕ್ಕೂ ಅಡುಗೆಗೂ ಇರುವಂತೆ ಸುಗಂಧ ದ್ರವ್ಯಗಳಿಗೂ ಎಡೆಯಿದೆ. ಮುಂದಿನ ಶತಮಾನದಲ್ಲಿ ಕಲ್ಯಾಣದ ದೊರೆ ಮುಮ್ಮಡಿ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಅರಸನಿಗೆ ಒಪ್ಪುವ ಉಪಭೋಗಗಳನ್ನು ಎಣಿಸುವಾಗ ಮೈಗೆ ಹಚ್ಚುವ ವಿಲೇಪನವನ್ನು ಬಿಡಲಿಲ್ಲ.

ಇಷ್ಟೆಲ್ಲ ಹೂವಿನ ಹೆಸರುಗಳ ಕೆಳಗೆ ಹೇಳದೆ ಉಳಿಯುವ ಹೆಸರೊಂದಿದೆ. ಕನೌಜಿನ ಕೆಲಸದ ರೀತಿಯನ್ನು ನೋಡಿದರೆ ಅದು ತಿಳಿಯುತ್ತದೆ. ತಾಮ್ರದ ಹಂಡೆಯಲ್ಲಿ ಹೂವು ಮತ್ತು ನೀರು. ಬಾಯಿಗೆ ಜೇಡಿಮಣ್ಣಿನ ಮುದ್ರೆ. ಹಗ್ಗ ಸುತ್ತಿದ ಬಿದಿರಿನ ನಳಿಗೆಯ ಮೂಲಕ ಆವಿಯು ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿರುವ ಇನ್ನೊಂದು ಪಾತ್ರೆಗೆ ಹೋಗಿ ಸೇರುತ್ತದೆ. ಆ ಎರಡನೆಯ ಪಾತ್ರೆ ಬರಿದಾಗಿರುವುದಿಲ್ಲ. ಅದರಲ್ಲಿ ಮೊದಲೇ ಶ್ರೀಗಂಧದ ಎಣ್ಣೆ ಕಾದಿರುತ್ತದೆ. ಹೂವಿನ ಆವಿ ಅದರೊಳಗೆ ಇಳಿದು ಸೆರೆಯಾಗುತ್ತದೆ. ನೀರನ್ನು ಬಸಿದು, ಮರುದಿನ ಮತ್ತೆ ಹೊಸ ಹೂವು. ಹೂವು ಅತ್ತರಿನ ಪ್ರಾಣವಾದರೆ ಗಂಧ ಅದರ ಮೈ. ರಾತ್ರಿ ಹೂವು ಹಾರಿಹೋದ ಮೇಲೂ ಮಣಿಕಟ್ಟಿನ ಮೇಲೆ ಹಾಲಿನಂತಹ, ಮರದಂತಹ ನಸುಗಂಪೊಂದು ಉಳಿಯುತ್ತಿದ್ದುದು ಈ ಕಾರಣದಿಂದ. ಹಿಂದೆ ಆ ಎಣ್ಣೆಯೆಂದರೆ ಮೈಸೂರು ಸೀಮೆಯದೆಂದೇ ಹೆಸರು. ಗಂಧದ ಬೆಲೆ ಏರಿದ ಮೇಲೆ ಬಹಳ ಕಡೆ ಅದರ ಸ್ಥಾನಕ್ಕೆ ದ್ರವ ಪ್ಯಾರಾಫಿನ್ ಮೊದಲಾದ ವಾಸನೆಯಿಲ್ಲದ ಎಣ್ಣೆಗಳು ಬಂದಿವೆ. ಮಾರತ್ತಹಳ್ಳಿಯ ನೂರಿನ್ನೂರು ರೂಪಾಯಿಯ ಸೀಸೆಗಳಲ್ಲಿ ಇರುವುದು ಈ ಬಗೆ. ಅವು ಕೆಟ್ಟವೆನ್ನಲಾಗದು. ಮೊದಲ ಒಂದು ಗಂಟೆ ಚೆನ್ನಾಗಿಯೇ ಹಾಡುತ್ತವೆ. ಆಮೇಲೆ ಶ್ರುತಿಯಿಲ್ಲ.

ಇದನ್ನು ಪುಸ್ತಕ ಓದದೆಯೂ ಬಲ್ಲವರಿದ್ದಾರೆ. ಒಂದು ಸಂಜೆ ಅಂಗಡಿಗೆ ಬಂದ ಹುಣಸೂರಿನ ಕಡೆಯ ವೃದ್ಧೆಯೊಬ್ಬರು ಅಂತಹವರು. ಇಲ್ಲಿಯ ಕಚೇರಿಯೊಂದರಲ್ಲಿ ಕೆಲಸದಲ್ಲಿರುವ ಮಗಳ ಮನೆಗೆ ಬಂದು ತಿಂಗಳಾಗಿತ್ತು. ಮಗಳು ‘ವೈಟ್ ಮಸ್ಕ್’ ಆರಿಸುತ್ತಿದ್ದಾಗ ಅಂಗಡಿಯವನು ತಾಯಿಯ ಕೈಗೂ ‘ಚಂದನ’ವೆಂಬ ಸೀಸೆಯ ಕಡ್ಡಿ ಸೋಕಿಸಿದ. ಅವರು ಮೂಸಿ, ಸೆರಗಿನಿಂದ ಒರೆಸಿಕೊಂಡು ಹೇಳಿದರು:

‘ಇದು ಗಂಧ ಅಲ್ಲ ಕಣಪ್ಪಾ. ಗಂಧದ ಹೆಸರು ಅಷ್ಟೆ.’

‘ಅಮ್ಮಾ, ಬಿಡಮ್ಮಾ,’ ಎಂದು ಮಗಳು ನಾಚಿದಳು. ಅಂಗಡಿಯವನಿಗೆ ಮಾತ್ರ ಬೇಸರವಾದಂತೆ ಕಾಣಲಿಲ್ಲ.

‘ಅಸಲಿ ಗಂಧದೆಣ್ಣೆ ಈ ರೇಟಿಗೆ ಎಲ್ಲಿ ಬರುತ್ತೆ ಅಮ್ಮಾ? ನಿಲ್ಲಿ, ತೋರಿಸ್ತೀನಿ. ತಗೊಳ್ಳಲೇಬೇಕು ಅಂತಿಲ್ಲ,’ ಎಂದು ಕೆಳಗಿನ ಅರೆಯಿಂದ ಹತ್ತಿಯಲ್ಲಿ ಸುತ್ತಿಟ್ಟ ಬೆರಳುದ್ದದ ಸೀಸೆಯನ್ನು ತೆಗೆದ. ಈ ಸಲ ಅವರು ಒರೆಸಿಕೊಳ್ಳಲಿಲ್ಲ. ಬಹಳ ಹೊತ್ತು ಕೈಯನ್ನು ಮೂಗಿನ ಬಳಿಯೇ ಇಟ್ಟುಕೊಂಡಿದ್ದರು.

‘ನಮ್ಮ ಹೊಲದ ಬೇಲೀಲಿ ಒಂದು ಹುಟ್ಟಿತ್ತು, ಆಳೆತ್ತರ ಬಂದಿತ್ತು. ನಮ್ಮಪ್ಪ ಒಂದು ರಾತ್ರಿ ಕಿತ್ತು ಒಲೆಗೆ ಹಾಕಿದರು. ಬೆಳೆದರೆ ಸರಕಾರದ್ದು, ಕಳವಾದರೆ ನಮ್ಮ ತಲೆ ಮೇಲೆ ಅಂತ.’

ಆ ರೈತನ ಭಯಕ್ಕೆ ಎರಡು ಶತಮಾನಗಳ ಇತಿಹಾಸವಿದೆ. 1792ರಲ್ಲಿ ಟಿಪ್ಪು ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನು. ಸುಲ್ತಾನನ ಆಳ್ವಿಕೆ ಹೋಯಿತು, ಮಹಾರಾಜರ ಕಾಲ ಬಂತು, ಪ್ರಜಾಪ್ರಭುತ್ವವೂ ಬಂತು. ಆ ಕಟ್ಟಳೆ ಮಾತ್ರ ಉಳಿಯಿತು. ಯಾರ ನೆಲದಲ್ಲಿ ಹುಟ್ಟಿದರೂ ಮರ ಸರಕಾರದ್ದು, ಕಾಯುವ ಹೊಣೆ ನೆಲದವನದು. ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಬೇಲಿಗಳಲ್ಲಿ ಬಿತ್ತುತ್ತಲೇ ಇದ್ದವು. ಜನ ಸದ್ದಿಲ್ಲದೆ ಸಸಿಗಳನ್ನು ಕೀಳುತ್ತಲೇ ಇದ್ದರು. ರಕ್ಷಣೆಗೆಂದು ಮಾಡಿದ ಕಾನೂನು ಮರದ ಶತ್ರುಗಳನ್ನು ಹೆಚ್ಚಿಸಿತೆಂದರೆ ಕಟುವಾದ ಮಾತಾಗಬಹುದು, ಸುಳ್ಳಾಗಲಾರದು. ಸ್ಪೈಕ್ ರೋಗ ಒಂದು ಕಡೆಯಿಂದ ತಿಂದಿತು, ಕಳ್ಳಸಾಗಣೆ ಇನ್ನೊಂದು ಕಡೆಯಿಂದ.

ಸರಕಾರವೂ ಮರವನ್ನು ಸುಮ್ಮನೆ ಬಚ್ಚಿಟ್ಟುಕೊಂಡಿರಲಿಲ್ಲ. ಮೈಸೂರಿನ ಗಂಧದ ಕೊರಡುಗಳು ಹಡಗೇರಿ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದ ಕಾಲದಲ್ಲಿ, 1914ರ ಮಹಾಯುದ್ಧ ಆ ದಾರಿಯನ್ನು ಮುಚ್ಚಿತು. ಮಾಲು ಕೊಳ್ಳುವವರಿಲ್ಲದಾಗ ನಾಲ್ವಡಿ ಕೃಷ್ಣರಾಜ ಒಡೆಯರ ಸಂಸ್ಥಾನದಲ್ಲಿ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ಎಣ್ಣೆಯನ್ನು ಇಲ್ಲಿಯೇ ತೆಗೆಯುವ ಯೋಚನೆ ಹುಟ್ಟಿತು. ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಸಡ್‌ಬರೊ ಮತ್ತು ವಾಟ್ಸನ್ ಬಟ್ಟಿಯಿಳಿಸುವ ಪ್ರಯೋಗ ಮಾಡಿದರು. 1916ರಲ್ಲಿ ಸರಕಾರಿ ಗಂಧದೆಣ್ಣೆಯ ಉದ್ಯಮ ಆರಂಭವಾಯಿತು. ಸಾಬೂನಿನ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಹೋಗಿಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳು ಅದೇ ಎಣ್ಣೆಯನ್ನು ಸಾಬೂನಿಗೆ ಬೆರೆಸಿ ಮನೆಮನೆಯ ಬಚ್ಚಲಿಗೆ ತಲುಪಿಸಿದರು. ಪೀಣ್ಯದ ಕಡೆಗೆ ಮೆಟ್ರೋ ರೈಲಿನಲ್ಲಿ ಹೋಗುವವರು ಇಂದಿಗೂ ಆ ಕಾರ್ಖಾನೆಯ ಹೆಸರಿನ ನಿಲ್ದಾಣವೊಂದನ್ನು ದಾಟುತ್ತಾರೆ.

ಶ್ರೀಗಂಧ ಅವಸರವನ್ನರಿಯದ ಮರ. ತನ್ನ ಬೇರನ್ನು ನೆರೆಯ ಗಿಡದ ಬೇರಿಗೆ ಕಚ್ಚಿಸಿ ಅರ್ಧ ಆಹಾರವನ್ನು ಕಡ ಪಡೆಯುತ್ತದೆ. ಆದುದರಿಂದ ಪಕ್ಕದಲ್ಲಿ ತೊಗರಿಯಂತಹ ಜತೆಗಾರನಿರಬೇಕು. ಪರಿಮಳವಿರುವುದು ನಡುವಿನ ಚೇಗಿನಲ್ಲಿ ಮತ್ತು ಬೇರಿನಲ್ಲಿ. ಹಾಗಾಗಿ ಮರವನ್ನು ಕಡಿಯುವುದಿಲ್ಲ, ಬೇರುಸಹಿತ ಅಗೆದು ತೆಗೆಯುತ್ತಾರೆ. ಒಳ್ಳೆಯ ಚೇಗು ಕಟ್ಟಲು ಮೂವತ್ತು ವರ್ಷ ಹಿಡಿದೀತು. ಅಷ್ಟು ಕಾದು, ನೂರು ಕಿಲೋ ಚೇಗನ್ನು ಪುಡಿಮಾಡಿ ಬಟ್ಟಿಯಿಳಿಸಿದರೆ ಸಿಗುವುದು ನಾಲ್ಕೈದು ಕಿಲೋ ಎಣ್ಣೆ. ಅದರ ಬೆಲೆ ಕಿಲೋಗೆ ಲಕ್ಷ ರೂಪಾಯಿಯನ್ನು ಮೀರಿರುವುದರಲ್ಲಿ ಆಶ್ಚರ್ಯವಿಲ್ಲ. ಆಶ್ಚರ್ಯವೆಂದರೆ, ನಮ್ಮದೇ ಜಾತಿಯ ಶ್ರೀಗಂಧವನ್ನು ಆಸ್ಟ್ರೇಲಿಯದ ಕುನುನರಾ ಎಂಬ ಬಿಸಿಲೂರಿನಲ್ಲಿ ತೋಪು ತೋಪಾಗಿ ಬೆಳೆದು, ಅಲ್ಲಿಯವರು ಲೋಕಕ್ಕೆಲ್ಲ ಎಣ್ಣೆ ಮಾರುತ್ತಿರುವುದು.

ಮಾರತ್ತಹಳ್ಳಿಯ ಆ ವೃದ್ಧೆ ಎಣ್ಣೆಯನ್ನು ಕೊಳ್ಳಲಿಲ್ಲ. ಬೆಲೆ ಕೇಳಿ ನಕ್ಕರು. ಮಗಳು ತನ್ನ ಪುಟ್ಟ ಸೀಸೆಯನ್ನು ಚೀಲಕ್ಕೆ ಹಾಕಿಕೊಂಡಳು. ‘ಮನೇಲಿ ಸಾಣೆಕಲ್ಲಾದರೂ ಇದೆಯೇನೇ?’ ಎಂದು ತಾಯಿ ಕೇಳಿದ್ದಕ್ಕೆ, ಏಳನೆಯ ಮಹಡಿಯಲ್ಲಿ ಬಾಡಿಗೆಗಿರುವವಳು ಏನು ಹೇಳಬೇಕು? ಅಂಗಡಿಯವನು ಬಿರಡೆ ಬಿಗಿದು ಸೀಸೆಯನ್ನು ಮತ್ತೆ ಹತ್ತಿಯಲ್ಲಿ ಸುತ್ತಿದ.

2001ರಲ್ಲಿ ಕರ್ನಾಟಕದ ಅರಣ್ಯ ಕಾಯಿದೆಗೆ ತಿದ್ದುಪಡಿಯಾಗಿ, ಹೊಲದಲ್ಲಿ ಬೆಳೆದ ಶ್ರೀಗಂಧ ಹೊಲದ ಒಡೆಯನದೇ ಎಂದಾಯಿತು. ಆ ಮೇಲೆ ಧೈರ್ಯಮಾಡಿ ನೆಟ್ಟವರ ಮೊದಲ ಗಿಡಗಳಿಗೆ ಈಗ ಇಪ್ಪತ್ತು ವರ್ಷ ದಾಟಿದೆ. ತೊಗಟೆಯ ಕೆಳಗೆ ಚೇಗು ಕಂದಾಗುತ್ತಾ ಬರುವ ಕಾಲ ಇದು. ಕಳ್ಳರಿಗೂ ಅದು ಗೊತ್ತು. ತೋಟದ ಸುತ್ತ ತಂತಿ ಬೇಲಿ, ಕ್ಯಾಮೆರಾ, ಎರಡು ನಾಯಿ. ಗಿಡಕ್ಕೆ ಸಾಕುವಷ್ಟು ನೀರು, ನಡುನಡುವೆ ತೊಗರಿ ಸಾಲು. ರಾತ್ರಿ ನಾಯಿ ಬೊಗಳಿದರೆ ಮನೆಯವರು ಟಾರ್ಚು ಹಿಡಿದು ಹೊರಗೆ ಬರುತ್ತಾರೆ. ಇನ್ನೂ ಹತ್ತು ವರ್ಷ ಹೀಗೆಯೇ ಕಾಯಬೇಕು.