3,439 ಮಂದಿಯ ಹಾಜರಿ

ನ್ಯೂಯಾರ್ಕ್‌ನಲ್ಲಿ ಎತ್ತರದ ಕಟ್ಟಡಗಳಿಗೆಂದೇ ಒಂದು ಮ್ಯೂಸಿಯಂ ಇದೆ. ಹೆಸರು ಸ್ಕೈಸ್ಕ್ರೇಪರ್ ಮ್ಯೂಸಿಯಂ. ಮುಗಿಲು ಮುಟ್ಟುವ ಕಟ್ಟಡಗಳ ಮ್ಯೂಸಿಯಂ ಅಂದಮೇಲೆ ಅದೂ ನೂರು ಅಂತಸ್ತಿನದೇ ಇರಬೇಕು ಅಂದುಕೊಳ್ಳುತ್ತೀರಿ. ಅಲ್ಲ. ಮ್ಯಾನ್‌ಹಟನ್ ದ್ವೀಪದ ದಕ್ಷಿಣ ತುದಿಯಲ್ಲಿ, ದೊಡ್ಡ ಕಟ್ಟಡವೊಂದರ ಬುಡದಲ್ಲಿ ಅದಕ್ಕೆ ಸಣ್ಣ ಜಾಗ. ನೆಲಕ್ಕೂ ಛಾವಣಿಗೂ ಹೊಳೆಯುವ ಸ್ಟೀಲ್ ಹಾಕಿದ್ದಾರೆ. ಹಾಗಾಗಿ ಒಳಗಿನ ಕಂಬಗಳು ಮೇಲೂ ಕೆಳಗೂ ಪ್ರತಿಬಿಂಬವಾಗಿ ಕೊನೆಯೇ ಇಲ್ಲದಂತೆ ಕಾಣುತ್ತವೆ.

ನಾನು ಅಲ್ಲಿಗೆ ಹೋಗಿಲ್ಲ. ಯಾದಗಿರಿ ಜಿಲ್ಲೆಯ ನಮ್ಮೂರಲ್ಲಿ ಕೂತು ಫೋನಿನಲ್ಲೇ ನೋಡಿದ್ದು. ಪಕ್ಕದಲ್ಲಿ ಅಪ್ಪ ಇದ್ದ. ಅಪ್ಪ ಬೆಂಗಳೂರಿಗೆ ಗುಳೆ ಹೋಗಿ ಹತ್ತೊಂಬತ್ತು ವರ್ಷ ಸೆಂಟ್ರಿಂಗ್ ಕೆಲಸ ಮಾಡಿದವನು. ಕಟ್ಟಡಗಳ ಬಗ್ಗೆ ನನಗಿಂತ ಅವನಿಗೇ ಜಾಸ್ತಿ ಗೊತ್ತು.

ಈ ಮ್ಯೂಸಿಯಂ ಶುರು ಮಾಡಿದವರು ಕ್ಯಾರಲ್ ವಿಲ್ಲಿಸ್ ಎಂಬ ಇತಿಹಾಸಕಾರ್ತಿ, 1996ರಲ್ಲಿ. ಈಗಿನ ಜಾಗಕ್ಕೆ ಬಂದದ್ದು 2004ರಲ್ಲಿ. ಕಟ್ಟಡ ಎತ್ತರ ಆಗೋದು ಯಾರದೋ ಕನಸಿನಿಂದ ಅನ್ನುವುದಕ್ಕಿಂತ ದುಡ್ಡಿನ ಲೆಕ್ಕದಿಂದ ಅನ್ನುವುದು ಅವರ ವಾದ. ಟ್ಯೂಬ್‌ಲೈಟ್, ಏಸಿ ಬರುವ ಮುಂಚೆ ಕಿಟಕಿ ಹತ್ತಿರದ ಜಾಗಕ್ಕಷ್ಟೇ ಒಳ್ಳೆ ಬಾಡಿಗೆ ಬರುತ್ತಿತ್ತು. ಬೆಳಕು ಎಲ್ಲಿವರೆಗೆ ಬರುತ್ತದೋ ಅಲ್ಲಿವರೆಗೇ ಕೋಣೆ. ಇನ್ನು ಮೇಲೆ ಮೇಲೆ ಹೋದಂತೆ ಲಿಫ್ಟ್ ಜಾಸ್ತಿ ಬೇಕು. ಆ ಲಿಫ್ಟುಗಳ ಗುಂಡಿಗಳು ಕೆಳಗಿನ ಅಂತಸ್ತುಗಳ ಜಾಗವನ್ನೆಲ್ಲ ನುಂಗುತ್ತವೆ. ಹೀಗೆ ಒಂದು ಹಂತ ದಾಟಿದ ಮೇಲೆ ಎತ್ತರ ಬರೀ ಶೋಕಿ. ಆ ಶೋಕಿಗೂ ನ್ಯೂಯಾರ್ಕಿನಲ್ಲಿ ಕೊರತೆ ಇರಲಿಲ್ಲ ಬಿಡಿ.

ಮ್ಯೂಸಿಯಂ ಕಡೆಯಿಂದ 1998ರಲ್ಲಿ ಒಂದು ಪುಸ್ತಕ ಬಂತು. ಅದರ ಮೂಲ ಒಂದು ನೋಟ್‌ಬುಕ್. ಎಂಪೈರ್ ಸ್ಟೇಟ್ ಬಿಲ್ಡಿಂಗ್ ಕಟ್ಟಿದ ಸ್ಟಾರೆಟ್ ಬ್ರದರ್ಸ್ ಅಂಡ್ ಈಕನ್ ಎಂಬ ಗುತ್ತಿಗೆ ಕಂಪನಿಯವರು ತಮ್ಮ ಕೆಲಸದ ಬಗ್ಗೆ ಗ್ರಾಫ್ ಹಾಳೆಯ ಮೇಲೆ ಟೈಪ್ ಮಾಡಿ, ಫೋಟೊ ಸೇರಿಸಿ ಇಟ್ಟುಕೊಂಡ ಲೆಕ್ಕ ಅದು. ಎಂಪೈರ್ ಸ್ಟೇಟ್ ಅಂದರೆ 102 ಅಂತಸ್ತು, 1,250 ಅಡಿ. 1930ರ ಮಾರ್ಚ್ 17ಕ್ಕೆ ಕಟ್ಟೋಕೆ ಶುರು ಮಾಡಿ 1931ರ ಮೇ 1ಕ್ಕೆ ಉದ್ಘಾಟನೆ ಮಾಡಿದರು. ನಮ್ಮೂರ ಶಾಲೆಯ ಎರಡು ಕೋಣೆಗೆ ಅದಕ್ಕಿಂತ ಜಾಸ್ತಿ ದಿನ ಹಿಡಿದಿತ್ತು.

1930ರ ಆಗಸ್ಟ್ 14ರಂದು ಕೆಲಸದಲ್ಲಿದ್ದವರು 3,439 ಮಂದಿ. ಅದರಲ್ಲಿ ಇಟ್ಟಂಗಿ ಕಟ್ಟುವ ಗೌಂಡಿಗಳು 290, ಅವರ ಕೈಕೆಳಗಿನ ಕೂಲಿಯವರು 384, ಬಡಗಿಗಳು 225, ಪ್ಲಂಬರ್‌ಗಳು 192, ಎಲೆಕ್ಟ್ರಿಷಿಯನ್‌ಗಳು 105. ಓದಿ ಹೇಳಿದೆ. ಅಪ್ಪ ತಡೆದು ಕೇಳಿದ, "ಇಷ್ಟ್ ಮಂದಿ ಹಾಜರಿ ಯಾರ್ ಬರೀತಿದ್ರು?" ಹಾಜರಿ ಬರೆಯುವವರೂ ಆ ಲೆಕ್ಕದಲ್ಲೇ ಇದ್ದಾರೆ. ಅವರದು ಅದೇ ಕೆಲಸ.

ಅಪ್ಪನಿಗೆ ಹಿಡಿಸಿದ ಸಂಗತಿ ಬೇರೆ. ಇಟ್ಟಂಗಿಯನ್ನು ರಸ್ತೆಯಲ್ಲಿ ರಾಶಿ ಹಾಕದೆ ನೇರ ನೆಲಮಾಳಿಗೆಯ ದೊಡ್ಡ ತೊಟ್ಟಿಗೆ ಸುರಿಯುತ್ತಿದ್ದರು. ಅಲ್ಲಿಂದ ಗಾಡಿಗೆ ತುಂಬಿ ಮೇಲೆತ್ತುತ್ತಿದ್ದರು. ಪ್ರತಿ ಅಂತಸ್ತಿನಲ್ಲೂ ಸಣ್ಣ ರೈಲು ಹಳಿ, ಅದರ ಮೇಲೆ ಗಾಡಿ ದಬ್ಬಿಕೊಂಡು ಹೋದರೆ ಗೌಂಡಿಯ ಕೈಗೇ ಇಟ್ಟಂಗಿ. ಊಟಕ್ಕೂ ಕೆಳಗಿಳಿಯಬೇಕಿಲ್ಲ, ಮೇಲಿನ ಅಂತಸ್ತುಗಳಲ್ಲೇ ಕ್ಯಾಂಟೀನು. "ತಲಿಮ್ಯಾಗ ಹೊರೋದೇ ಇಲ್ಲೇನು?" ಅಂದ ಅಪ್ಪ. ಅವ್ವ ಎಂಟು ವರ್ಷ ಬುಟ್ಟಿ ಹೊತ್ತವಳು. ಒಲೆ ಮುಂದೆ ಕೂತು ಕೇಳಿಸಿಕೊಳ್ಳುತ್ತಿದ್ದಳು, ಏನೂ ಅನ್ನಲಿಲ್ಲ.

ಹಾಗಂತ ಅಲ್ಲಿ ಎಲ್ಲ ಚೆನ್ನಾಗಿತ್ತು ಅಂತಲ್ಲ. ಕಂಪನಿಯ ಲೆಕ್ಕದಲ್ಲೇ ಐದು ಮಂದಿ ಸತ್ತರು. ಕಬ್ಬಿಣದ ತೊಲೆಗಳ ಮೇಲೆ ನಡೆದು ಕೆಲಸ ಮಾಡಿದವರಲ್ಲಿ ಮೊಹಾಕ್ ಎಂಬ ಮೂಲನಿವಾಸಿ ಜನರೂ ಇದ್ದರು. ಕೆನಡಾ ಕಡೆಯ ತಮ್ಮ ಊರಿಂದ ದುಡಿಯೋಕೆ ಬಂದವರು. ಅವರದೂ ಗುಳೆಯೇ. ಲೂಯಿಸ್ ಹೈನ್ ಎಂಬ ಛಾಯಾಗ್ರಾಹಕ ಈ ಕೆಲಸಗಾರರ ಫೋಟೊ ತೆಗೆದ. ಒಂದರಲ್ಲಿ ಒಬ್ಬ ಹುಡುಗ ಮುಗಿಲಲ್ಲಿ ಹಗ್ಗ ಹಿಡಿದು ನಿಂತಿದ್ದಾನೆ. "ಬೆಲ್ಟ್ ಎಲ್ಲದ ಇವಂಗ?" ಅಂದ ಅಪ್ಪ. ಬೆಲ್ಟ್ ಇಲ್ಲ.

ಇನ್ನೊಂದು ಫೋಟೊ ನೀವೂ ನೋಡಿರುತ್ತೀರಿ, ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತದೆ. ಹನ್ನೊಂದು ಮಂದಿ ಕಬ್ಬಿಣದ ತೊಲೆ ಮೇಲೆ ಕಾಲು ಇಳಿಬಿಟ್ಟು ಬುತ್ತಿ ತಿನ್ನುವುದು. ಅದು ಎಂಪೈರ್ ಸ್ಟೇಟ್ ಅಲ್ಲ, 1932ರಲ್ಲಿ ರಾಕ್‌ಫೆಲ್ಲರ್ ಸೆಂಟರ್ ಕಟ್ಟುವಾಗ ತೆಗೆದದ್ದು. ಜಗತ್ತೆಲ್ಲ ನೋಡಿದ ಆ ಹನ್ನೊಂದು ಮುಖಗಳಲ್ಲಿ ಹೆಚ್ಚಿನವರ ಹೆಸರು ಇವತ್ತಿಗೂ ಖಾತ್ರಿಯಾಗಿಲ್ಲ. ಲೆಕ್ಕದ ಪುಸ್ತಕದಲ್ಲೂ 290 ಗೌಂಡಿಗಳು ಅಂತ ಸಂಖ್ಯೆ ಇದೆ. ಅದಾದರೂ ಇದೆಯಲ್ಲ ಅಂತ ನನಗನಿಸಿತು.

ಯಾಕಂದರೆ ಅಪ್ಪನ ಹತ್ತೊಂಬತ್ತು ವರ್ಷಕ್ಕೆ ಒಂದು ಚೀಟಿಯೂ ಇಲ್ಲ. ಕಟ್ಟಡ ಕಾರ್ಮಿಕರ ಕಾನೂನು ಬಂದದ್ದೂ 1996ರಲ್ಲೇ, ಆ ಮ್ಯೂಸಿಯಂ ಶುರುವಾದ ವರ್ಷ. ನಿಯಮದ ಪ್ರಕಾರ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ, 18ರಿಂದ 60 ವರ್ಷದೊಳಗಿನವರು ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಆ 90 ದಿನಕ್ಕೆ ಪುರಾವೆ ಬೇಕು. ಮೇಸ್ತ್ರಿಯ ಹತ್ತಿರ ಹಾಜರಿ ಪುಸ್ತಕ ಇತ್ತು. ಶನಿವಾರ ಬಟವಾಡೆ ಆದ ಮೇಲೆ ಹಾಳೆ ಹರಿದು ಬಿಸಾಕುತ್ತಿದ್ದ. ಗುತ್ತಿಗೆದಾರನನ್ನು ಸಹಿ ಕೇಳಿದರೆ, "ನೀ ಮೇಸ್ತ್ರಿ ಕಡಿ ಮನಷ್ಯಾ, ನನ್ನ ಕಡಿ ಅಲ್ಲ" ಅಂದನಂತೆ. ಮೊಣಕಾಲು ಹೋದ ವರ್ಷ ಅಪ್ಪ ಊರಿಗೆ ವಾಪಸು ಬಂದ. ಈಗ ಅವನ ವಯಸ್ಸು ಅರವತ್ತೊಂದು.

ನೀವೋ ನಿಮ್ಮ ಮನೆಯವರೋ ಈಗ ಬೆಂಗಳೂರಲ್ಲೋ ಪುಣೆಯಲ್ಲೋ ಕಟ್ಟಡ ಕೆಲಸದಲ್ಲಿದ್ದರೆ ಶನಿವಾರದ ಹಾಜರಿ ಹಾಳೆಯನ್ನು ಹರಿಯುವ ಮುಂಚೆ ಫೋನಿನಲ್ಲಿ ಒಂದು ಫೋಟೊ ಹೊಡೆದುಕೊಳ್ಳಿ. ತಾರೀಖು ಕಾಣುವ ಹಾಗೆ. ಅಷ್ಟರಿಂದಲೇ ನೋಂದಣಿ ಆಗುತ್ತದೆ ಅಂತ ಹೇಳುತ್ತಿಲ್ಲ. ಆದರೆ ಸಹಿ ಕೇಳಲು ಹೋದಾಗ ಕೈಯಲ್ಲಿ ಏನಾದರೂ ಇರುತ್ತದೆ.

ಅಪ್ಪ ಹೇಳಿದ್ದನ್ನು ನಾನು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಯಾವ ಏರಿಯಾ, ಎಷ್ಟು ಅಂತಸ್ತು, ಯಾವ ವರ್ಷ, ಜೊತೆಗೆ ಯಾರ್ಯಾರಿದ್ದರು. ಹನ್ನೊಂದು ಕಟ್ಟಡ ಆಗಿದೆ. ಹನ್ನೆರಡನೆಯದರ ಹೆಸರು ಅವನಿಗೆ ನೆನಪಿಲ್ಲ. ಹದಿನಾಲ್ಕನೇ ಸ್ಲ್ಯಾಬ್ ಹಾಕಿದ ರಾತ್ರಿ ಮಳೆ ಬಂತು, ಎಲ್ಲರೂ ಸೇರಿ ತಾಡಪತ್ರಿ ಹಿಡಿದು ಬೆಳಗಿನ ತನಕ ನಿಂತಿದ್ದೆವು ಅಂದ. ಅದನ್ನೇ ಬರೆದಿದ್ದೇನೆ.