ಹುಳಿ ಮಣ್ಣು

ಹುಳಿಯ ವಿಷಯವನ್ನು ನಮ್ಮ ಕಡೆಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಸಾರಿಗೆ ಎಷ್ಟು, ಗೊಜ್ಜಿಗೆ ಎಷ್ಟು, ಹೆಚ್ಚಾದರೆ ಬೆಲ್ಲ ಎಷ್ಟು ಎಂಬುದು ಕೈಗೇ ಗೊತ್ತಿರುತ್ತದೆ. ಆದರೆ ಮಣ್ಣಿಗೂ ಹುಳಿ ಹೆಚ್ಚಾಗುತ್ತದೆಂದು ತೀರ್ಥಹಳ್ಳಿ ಹತ್ತಿರದ ನಮ್ಮ ತವರಿನ ಅತ್ತಿಗೆ ಹೇಳಿದಾಗ, ಶಿವಮೊಗ್ಗದ ಮನೆಯ ಮೆಟ್ಟಿಲ ಮೇಲೆ ನಾಲ್ಕು ಕುಂಡ ಇಟ್ಟುಕೊಂಡಿರುವ ನನಗೆ ನಗು ಬಂತು. ಅತ್ತಿಗೆ ನಗಲಿಲ್ಲ.

ನಗುವ ಸ್ಥಿತಿಯಲ್ಲಿ ಅವರಿರಲಿಲ್ಲ. ಅಣ್ಣ ತೀರಿಕೊಂಡ ಮೇಲೆ 2 ಎಕರೆ ಅಡಿಕೆ ತೋಟ ಅವರೊಬ್ಬರ ಪಾಲಿಗೆ ಬಂದಿತ್ತು. 2018ರ ಮಳೆಗಾಲ ಮುಗಿಯುವಷ್ಟರಲ್ಲಿ ಹಳ್ಳದ ಬದಿಯ ಮರಗಳ ಸೋಗೆ ಹಳದಿಗೆ ತಿರುಗಿತು. ಮರುವರ್ಷ ಹಿಂಗಾರವೂ ಸಣ್ಣ. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗ ಬಂದು ತೋಟಗಳು ಬರಿದಾದದ್ದನ್ನು ಕಂಡವರು ನಾವು. ಅದಕ್ಕೆ ಮದ್ದಿಲ್ಲ. ಬೆಂಗಳೂರಿನಲ್ಲಿರುವ ಮಗ, "ಅಮ್ಮ, ಕೇಳುವವರು ಇರುವಾಗಲೇ ಕೊಟ್ಟುಬಿಡೋಣ" ಎಂದು ವಾರಕ್ಕೊಮ್ಮೆ ಫೋನು ಮಾಡತೊಡಗಿದ. ಪೇಟೆಯ ಗೊಬ್ಬರದಂಗಡಿಯವರದು ಇನ್ನೊಂದು ರಾಗ: ಯೂರಿಯಾ ಸಾಲದು, ಇನ್ನೆರಡು ಚೀಲ ಒಯ್ಯಿರಿ. ಅತ್ತಿಗೆ ಒಯ್ದರು, ಹಾಕಿಸಿದರು. ಸೋಗೆ ಹಳದಿಯಾಗಿಯೇ ಉಳಿಯಿತು.

ಆಗ ಅವರು ಮಾಡಿದ ಕೆಲಸ ನನಗೆ ಮೆಚ್ಚಿಗೆಯಾದದ್ದು. ಯಾರನ್ನೂ ಕೇಳದೆ ಮಣ್ಣು ಪರೀಕ್ಷೆಗೆ ಹೊರಟರು. 2015ರಲ್ಲಿ ಕೇಂದ್ರ ಸರ್ಕಾರ ಮಣ್ಣು ಆರೋಗ್ಯ ಚೀಟಿಯ ಯೋಜನೆ ತಂದಮೇಲೆ 12 ಬಗೆಯ ಪರೀಕ್ಷೆ ಮಾಡಿ ಬರೆದುಕೊಡುತ್ತಾರೆ. (ಎಷ್ಟೋ ಮನೆಗಳಲ್ಲಿ ಆ ಚೀಟಿ ಪಂಚಾಂಗದ ಹಿಂದೆ ಸಿಕ್ಕಿಸಿದಲ್ಲೇ ಇರುತ್ತದೆ, ಅದು ಬೇರೆ ಮಾತು.) ಗೊಬ್ಬರ ಬೀಳದ ಕಡೆ ದರಗು ಸರಿಸಿ, ಒಂದಡಿ ಆಳ ಅಗೆದು, ಹತ್ತಾರು ಜಾಗದ ಮಣ್ಣನ್ನು ಹಳೇ ಪಂಚೆಯ ಮೇಲೆ ಸುರಿದು, ಜಗಲಿಯ ನೆರಳಲ್ಲಿ ಒಣಗಿಸಿದರು. ಚೆನ್ನಾಗಿ ಬೆರೆಸಿ ನಾಲ್ಕು ಪಾಲು ಮಾಡುವುದು, ಎದುರುಬದುರಿನ ಎರಡು ಪಾಲು ಬಿಡುವುದು, ಉಳಿದದ್ದನ್ನು ಮತ್ತೆ ಹಾಗೆಯೇ ಮಾಡುವುದು. ಕೊನೆಗೆ ಅರ್ಧ ಕಿಲೊ ಉಳಿಯಬೇಕು. ಖಾಲಿ ಗೊಬ್ಬರದ ಚೀಲದಲ್ಲಿ ಮಾತ್ರ ತುಂಬಬಾರದು, ಲೆಕ್ಕ ಕೆಡುತ್ತದೆ.

ಚೀಟಿಯಲ್ಲಿ ಪಿಎಚ್ 4.9 ಎಂದಿತ್ತು. 7 ಎಂದರೆ ಹುಳಿಯೂ ಅಲ್ಲ, ಸುಣ್ಣದ ಗುಣವೂ ಅಲ್ಲ. ಅಲ್ಲಿಂದ ಒಂದು ಅಂಕಿ ಇಳಿದರೆ ಹುಳಿ 10 ಪಟ್ಟು, ಎರಡು ಇಳಿದರೆ 100 ಪಟ್ಟು. ಮಲೆನಾಡಿನ ಮಳೆ ನಮಗೆ ಚೆಂದ. ಆದರೆ ಅದು ವರ್ಷವರ್ಷವೂ ಮಣ್ಣಿನ ಸುಣ್ಣದಂಶ, ಪೊಟ್ಯಾಶ್ ಎಲ್ಲ ತೊಳೆದುಕೊಂಡು ಹೋಗುತ್ತದೆ. ಹಿಂದೆ ಉಳಿಯುವುದು ಜಂಬಿಟ್ಟಿಗೆಯಂಥ ಕೆಂಪು ಮಣ್ಣು, ಕಬ್ಬಿಣ ಮತ್ತು ಅಲ್ಯುಮಿನಿಯಂ. ಹುಳಿ ಹೆಚ್ಚಾದಾಗ ಅಲ್ಯುಮಿನಿಯಂ ಕರಗಿ ಬೇರಿನ ತುದಿ ಮುರುಟುತ್ತದೆ. ಹಾಕಿದ ರಂಜಕವೂ ಗಟ್ಟಿಯಾಗಿ ಮಣ್ಣಿಗೇ ಅಂಟಿಕೊಳ್ಳುತ್ತದೆ. ಪೆಟ್ಟಿಗೆಯಲ್ಲಿ ಒಡವೆಯಿದ್ದೂ ಬೀಗದಕೈ ಕಳೆದ ಮನೆಯಂತೆ. ಯೂರಿಯಾ ಸುರಿದಷ್ಟೂ ಮಣ್ಣಿನ ಹುಳಿ ಏರುತ್ತದೆಂಬುದನ್ನು ಆ ಅಂಗಡಿಯವರು ಹೇಳಿರಲಿಲ್ಲ.

ಪರಿಹಾರ ಸುಣ್ಣ. ಕೇಳಿದ ಮಗ, "ಸುಣ್ಣಕ್ಕೆ ದುಡ್ಡು ಹಾಕ್ತೀಯಾ?" ಎಂದನಂತೆ. ಅತ್ತಿಗೆ ಕವಳದ ತಟ್ಟೆ ಮುಂದಿಟ್ಟುಕೊಂಡು ನನಗೆ ಹೇಳಿದರು: "ನೋಡು ಮಾರಾಯ್ತಿ, ನಮ್ಮ ಕವಳಕ್ಕೆ ಸುಣ್ಣ ಬೇಕು, ಅಡಿಕೆ ಕೊಡುವ ಮರಕ್ಕೆ ಬೇಡವಾ?"

ತೋಟಕ್ಕೆ ಸುಣ್ಣ ಹೊಸದೇನಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ. ನೂರು ವರ್ಷಕ್ಕೂ ಹಿಂದೆ ಮೈಸೂರು ಸಂಸ್ಥಾನದ ಕೋಲ್ಮನ್ ಸಾಹೇಬರು ಅದನ್ನು ಮಲೆನಾಡಿಗೆ ಪರಿಚಯಿಸಿದರು. ಆದರೆ ಅದು ಕೊನೆಗೆ, ಬೇರಿಗಲ್ಲ. ಬುಡಕ್ಕೆ ಬೇಕಾದದ್ದು ಮರವೊಂದಕ್ಕೆ ಅರ್ಧ ಕಿಲೊ, ಎರಡು ಮೂರು ವರ್ಷಕ್ಕೊಮ್ಮೆ, ಎರಚಿ ಮಣ್ಣಿಗೆ ಸೇರಿಸುವುದು. ಗೊಬ್ಬರದ ಜೊತೆಯಲ್ಲೇ ಹಾಕಿದರೆ ಸಾರಜನಕ ಗಾಳಿಗೆ ಹಾರಿಹೋಗುತ್ತದೆ, ಮೂಗಿಗೆ ಘಾಟು ಹೊಡೆಯುತ್ತದೆ. ಎರಡು ಮೂರು ವಾರ ಕಾಯಬೇಕು. ಆಮೇಲೆ ಕೊಟ್ಟಿಗೆ ಗೊಬ್ಬರ, ಹಸಿಸೊಪ್ಪು ತಲಾ 12 ಕಿಲೊ. ರಾಸಾಯನಿಕ ಗೊಬ್ಬರದಲ್ಲಿ ಸಾರಜನಕ 100 ಗ್ರಾಂ, ರಂಜಕ 40, ಪೊಟ್ಯಾಶ್ 140. ಅತ್ತಿಗೆ ಇದನ್ನೆಲ್ಲ ಹಾಲಿನ ಲೆಕ್ಕದ ಪುಸ್ತಕದಲ್ಲೇ ಬರೆದಿಟ್ಟರು. ಬಸಿಗಾಲುವೆಯ ಹೂಳನ್ನೂ ತೆಗೆಸಿದರು, ನೀರು ನಿಂತ ಬೇರಿಗೆ ಯಾವ ಸುಣ್ಣವೂ ಏನೂ ಮಾಡದು.

ಮೊದಲ ವರ್ಷ ಏನೂ ಕಾಣಲಿಲ್ಲ. ಆ ವರ್ಷವೇ ಅತ್ಯಂತ ಕಷ್ಟದ್ದು. ಮಗನ ಫೋನು ಬಂದರೆ ಅತ್ತಿಗೆ ಹಿತ್ತಲಿಗೆ ನಡೆಯುತ್ತಿದ್ದರು. ಎರಡನೆಯ ಮಳೆಗಾಲದ ನಂತರ ಹೊಸ ಸೋಗೆ ಹಸಿರಾಗಿ ಬಂತು. ಎಲ್ಲ ಮರಗಳಲ್ಲೂ ಅಲ್ಲ. ಹನ್ನೊಂದು ಮರ ಹಳದಿಯಾಗಿಯೇ ಉಳಿದು ಸೊರಗಿದವು. ಅವುಗಳಿಗೆ ನಿಜವಾದ ರೋಗವೇ ಇತ್ತೋ ಏನೋ, ಕಡಿಸಿದರು.

ಮತ್ತೊಮ್ಮೆ ಕಳಿಸಿದ ಮಣ್ಣು 5.6 ತೋರಿಸಿತು. ಮಗ ಈಗ ಮಾರುವ ಮಾತು ಬಿಟ್ಟಿಲ್ಲ, ಮುಂದಕ್ಕೆ ಹಾಕಿದ್ದಾನೆ. ಅತ್ತಿಗೆ ಮೇಲಿನ ತುಂಡಿಗೂ ಸುಣ್ಣ ಹಾಕಿಸಬೇಕೆಂದು ಆಳು ಹುಡುಕುತ್ತಿದ್ದಾರೆ. ಕೊನೆಕೊಯ್ಲಿನ ದಿನಗಳಲ್ಲಿ ಆಳು ಎಲ್ಲಿ ಸಿಗಬೇಕು?