ಕಿವಿಯಿಂದ ಓದಿದ ಕಾದಂಬರಿಗಳು

ಕಾದಂಬರಿ ಓದುವವರಲ್ಲಿ ನಾನಾ ಬಗೆಯುಂಟು. ಕೊನೆಯ ಪುಟವನ್ನು ಮೊದಲು ನೋಡಿ, ನಾಯಕಿ ಬದುಕಿದ್ದಾಳೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಮೊದಲನೆಯ ಪುಟಕ್ಕೆ ಬರುವವರು ಕೆಲವರು. ಊಟದ ತಟ್ಟೆಯ ಪಕ್ಕದಲ್ಲಿ ಪುಸ್ತಕವನ್ನಿಟ್ಟುಕೊಂಡು, ಸಾರು ಯಾವುದು ಪಲ್ಯ ಯಾವುದು ಎಂಬ ಪರಿವೆಯಿಲ್ಲದೆ ಊಟವನ್ನೂ ಅಧ್ಯಾಯವನ್ನೂ ಒಟ್ಟಿಗೆ ಮುಗಿಸುವವರು ಕೆಲವರು. ಕೊಂಡ ಪುಸ್ತಕವನ್ನು ಜೋಪಾನವಾಗಿ ಕಪಾಟಿನಲ್ಲಿಟ್ಟು, ಕಡ ತಂದ ಪುಸ್ತಕವನ್ನು ಮಾತ್ರ ಓದುವವರಂತೂ ಬಹಳ ಮಂದಿ. ಇವರೆಲ್ಲರೂ ಕಣ್ಣಿನಿಂದ ಓದುವವರು. ನಾನು ಹೇಳಹೊರಟಿರುವುದು ಕಿವಿಯಿಂದ ಓದುವವರ ವಿಷಯ. ಪ್ರಕಾಶಕರ ಲೆಕ್ಕದಲ್ಲಿ ಇವರಿಲ್ಲ. ಗ್ರಂಥಾಲಯದ ದಾಖಲೆಯಲ್ಲಿಯೂ ಇವರಿಲ್ಲ. ಆದರೂ ಇವರಷ್ಟು ಗಟ್ಟಿಯಾದ ಓದುಗರನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ನಮ್ಮ ಕಲ್ಲೂರಿನ ಸುತ್ತಿನ ಸೀಮೆಯಲ್ಲಿ ಸಾಹಿತ್ಯವೆಂಬುದು ಬಹು ಹಿಂದಿನಿಂದಲೂ ಕಿವಿಯ ದಾರಿಯಲ್ಲೇ ನಡೆದು ಬಂದದ್ದು. ಮಾನ್ವಿಯಲ್ಲಿ ಜಗನ್ನಾಥದಾಸರು, ಚೀಕಲಪರ್ವಿಯಲ್ಲಿ ವಿಜಯದಾಸರು, ದೇವದುರ್ಗದ ಕಡೆಯ ಮೊಸರಕಲ್ಲಿನಲ್ಲಿ ಗೋಪಾಲದಾಸರು ಆಗಿಹೋದರು. ಇವರ ಪದಗಳನ್ನು ಪುಸ್ತಕ ನೋಡಿ ಕಲಿತವರಿಗಿಂತ, ಬೆಳಗಿನ ಹೊತ್ತು ಅಂಗಳ ಸಾರಿಸುತ್ತಿದ್ದ ಅಜ್ಜಿಯ ಬಾಯಿಂದ ಕಲಿತವರೇ ಹೆಚ್ಚು. ಶ್ರಾವಣ ಬಂದಿತೆಂದರೆ ಗುಡಿಯಲ್ಲಿಯೋ ಮಠದಲ್ಲಿಯೋ ಪುರಾಣ ಹಚ್ಚುತ್ತಾರೆ. ಒಬ್ಬರು ಹಾಡಿ ಅರ್ಥ ಹೇಳಬೇಕು, ಊರೆಲ್ಲ ಕೂತು ಕೇಳಬೇಕು. ಕೇಳುವವರು ಸುಮ್ಮನೆ ಕೂಡುವುದಿಲ್ಲ. ಕಥೆ ತಪ್ಪಿದರೆ ಕೆಮ್ಮುತ್ತಾರೆ. ಕಥೆ ಸೊಗಸಾದರೆ ತಲೆದೂಗುತ್ತಾರೆ. ಬೇಸರವಾದರೆ ಎದ್ದು ಹೋಗುತ್ತಾರೆ. ಇಷ್ಟು ಮುಲಾಜಿಲ್ಲದ ವಿಮರ್ಶಕರು ಯಾವ ಪತ್ರಿಕೆಗೂ ಸಿಕ್ಕಲಾರರು.

ಇಂಥ ಕೇಳುಗರಲ್ಲಿ ನಮ್ಮಪ್ಪ ಒಬ್ಬರು. ಆದರೆ ಅವರ ಕಥೆಯಲ್ಲಿ ಒಂದು ವಿಚಿತ್ರವಿದೆ. ಅವರು ಅಕ್ಷರ ಬಾರದವರಲ್ಲ. ಅಕ್ಷರ ಚೆನ್ನಾಗಿಯೇ ಬರುತ್ತಿತ್ತು. ಬರುತ್ತಿದ್ದುದು ಉರ್ದು ಅಕ್ಷರ. 1924ರಲ್ಲಿ ಹುಟ್ಟಿದವರು ಅವರು. ಆಗ ರಾಯಚೂರು ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತು. ಕಚೇರಿ ಉರ್ದು, ಕಾನೂನು ಉರ್ದು, ಮೇಲಿನ ತರಗತಿಗಳ ಪಾಠ ಉರ್ದು. 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾನಿಲಯವಂತೂ ವೈದ್ಯ, ವಿಜ್ಞಾನಗಳನ್ನೂ ಉರ್ದುವಿನಲ್ಲಿಯೇ ಹೇಳಿಕೊಡಹೊರಟಿತ್ತು. ದೇಶಭಾಷೆಯಲ್ಲಿ ಉನ್ನತ ಶಿಕ್ಷಣ ಕೊಟ್ಟ ಆ ಸಾಹಸ ಮೆಚ್ಚತಕ್ಕದ್ದೇ. ಆದರೆ ಆ ದೇಶಭಾಷೆ ನಮ್ಮ ಮನೆಯ ಭಾಷೆಯಾಗಿರಲಿಲ್ಲ. 1934ರಲ್ಲಿ ರಾಯಚೂರಿನಲ್ಲಿಯೇ ಕನ್ನಡ ಸಾಹಿತ್ಯ ಸಮ್ಮೇಳನ ನಡೆದು, ಪಂಜೆ ಮಂಗೇಶರಾಯರು ಅಧ್ಯಕ್ಷರಾಗಿ ಬಂದಿದ್ದರು. ಆ ವರ್ಷ ಅಪ್ಪನಿಗೆ ಹತ್ತು ವಯಸ್ಸು. ಅವರು ಅಲಿಫ್, ಬೇ ತಿದ್ದುತ್ತಿದ್ದರು. ಮುಂದೆ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತರಾದರು. ಹತ್ತಿ, ಶೇಂಗಾಗಳ ಲೆಕ್ಕವೂ ಉರ್ದುವಿನಲ್ಲಿಯೇ. ಮನೆಗೆ ಬಂದರೆ ಅಚ್ಚಕನ್ನಡದ ಮಾತು. ಓದಲು ಕೂತರೆ ಬಲಗಡೆಯಿಂದ ಎಡಗಡೆಗೆ.

ಓದುವ ಚಟವಂತೂ ಅವರಿಗೆ ವಿಪರೀತವಾಗಿತ್ತು. ಪ್ರೇಮಚಂದರನ್ನು ಉರ್ದುವಿನಲ್ಲಿ ಓದಿದ್ದರು. 1952ರಿಂದ ಅಲಹಾಬಾದಿನಿಂದ ಬರತೊಡಗಿದ ಇಬ್ನೆ ಸಫಿಯ ಪತ್ತೇದಾರಿ ಕಾದಂಬರಿಗಳೆಂದರೆ ಪ್ರಾಣ. ಲೆಕ್ಕದ ದೊಡ್ಡ ಪುಸ್ತಕದ ನಡುವೆ ಸಣ್ಣ ಪತ್ತೇದಾರಿ ಪುಸ್ತಕವನ್ನಿಟ್ಟುಕೊಂಡು ಅವರು ಬಹಳ ಗಂಭೀರವಾಗಿ ಕೂತಿರುತ್ತಿದ್ದರಂತೆ. ನೋಡಿದವರು, ಗುಮಾಸ್ತರು ಯಾವುದೋ ಕಠಿಣವಾದ ಬಡ್ಡಿ ಹಾಕುತ್ತಿದ್ದಾರೆಂದು ಮಾತನಾಡಿಸದೆ ಹೋಗುತ್ತಿದ್ದರಂತೆ.

1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯಾಗಿ ಸಂಸ್ಥಾನ ಮುಗಿಯಿತು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ನಾನು ಹುಟ್ಟಿದ್ದು 1955ರಲ್ಲಿ. ಹೀಗಾಗಿ ನನ್ನ ಪಾಲಿಗೆ ಕನ್ನಡ ಶಾಲೆ ಬಂದಿತು. ಇದರಲ್ಲಿ ನನ್ನ ಹೆಚ್ಚುಗಾರಿಕೆಯೇನೂ ಇಲ್ಲ. ಮೂವತ್ತು ವರ್ಷ ಹಿಂದೆ ಹುಟ್ಟಿದ್ದರೆ ನಾನೂ ಅಲಿಫ್ ತಿದ್ದುತ್ತಿದ್ದೆ. ಒಂದೇ ಮನೆಯಲ್ಲಿ, ಒಂದೇ ಮಾತನಾಡುವ ತಂದೆ ಮಗ ಇಬ್ಬರೂ ಓದುಬಲ್ಲವರೇ. ಆದರೆ ಒಬ್ಬರ ಪುಸ್ತಕ ಇನ್ನೊಬ್ಬರಿಗೆ ಬರೀ ಗೆರೆ, ಚುಕ್ಕೆ.

ನಾನು ಹದಿನೈದು ವರ್ಷದವನಾಗಿದ್ದಾಗ ಕಾರಂತರ 'ಚೋಮನ ದುಡಿ' ಕೈಗೆ ಸಿಕ್ಕಿತು. ಲಾಟೀನಿನ ಮುಂದೆ ಕೂತು ಓದುತ್ತಿದ್ದವನನ್ನು ಅಪ್ಪ, "ಏನದ ಅದರಾಗ? ನಮಗೂ ಸ್ವಲ್ಪ ಕೇಳಿಸು," ಎಂದರು. ಅಂದಿನಿಂದ ಗಟ್ಟಿಯಾಗಿ ಓದುವುದು ನನ್ನ ಪಾಲಿನ ಕೆಲಸವಾಯಿತು. ಮೂರು ರಾತ್ರಿಯಲ್ಲಿ ಪುಸ್ತಕ ಮುಗಿಯಿತು. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, ಆಮೇಲೆ ಅವರು ಉರ್ದುವಿನಲ್ಲಿ ಓದಿದ್ದ 'ಗೋದಾನ'ದ ಹೋರಿಯನ್ನು ನೆನೆದು ಹೇಳಿದರು: "ಅವಗ ಹೊಲ ಇತ್ತು, ಆಕಳ ಇರಲಿಲ್ಲ. ಇವಗ ಎತ್ತು ಅವ, ಹೊಲ ಇಲ್ಲ. ಇಬ್ಬರನ್ನೂ ಕೂಡಿಸಿದ್ರ ಒಬ್ಬ ರೈತ ಆಗ್ತಿದ್ದ."

'ಚೋಮನ ದುಡಿ' 1933ರದು, 'ಗೋದಾನ' 1936ರದು. ಒಂದು ತುಳುನಾಡಿನಲ್ಲಿ ನಡೆಯುತ್ತದೆ, ಇನ್ನೊಂದು ಗಂಗೆಯ ಬಯಲಿನಲ್ಲಿ. ಈ ಎರಡು ಕಾದಂಬರಿಗಳ ಮೇಲೆ ಆಮೇಲೆ ನಾನು ಎಷ್ಟೋ ಲೇಖನಗಳನ್ನು ಓದಿದ್ದೇನೆ. ಶೇಂಗಾದ ಲೆಕ್ಕ ಬರೆಯುತ್ತಿದ್ದ ಆ ಗುಮಾಸ್ತರ ಮಾತಿಗಿಂತ ಹೆಚ್ಚಿನದನ್ನು ಅವುಗಳಲ್ಲಿ ಕಂಡ ನೆನಪಿಲ್ಲ.

1972ರಲ್ಲಿ ದಖ್ಖನಕ್ಕೆಲ್ಲ ಬರ ಬಿದ್ದಿತು. ಆ ವರ್ಷವೇ ನಾನು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಹಿಡಿದೆ. ಹೊರಗೆ ಬಿರುಕುಬಿಟ್ಟ ಕರಿನೆಲ, ಒಳಗೆ ಪುಟಪುಟಕ್ಕೂ ಮಲೆನಾಡಿನ ಜಡಿಮಳೆ. ಅಪ್ಪ ತಡೆಯಲಾರದೆ, "ಎಷ್ಟು ಮಳಿ ಸುರಿಸ್ಯಾನೋ ಪುಣ್ಯಾತ್ಮ! ಸ್ವಲ್ಪ ಇತ್ತಾಗ ಕಳಸು ಅನ್ನು," ಎಂದರು. ಜಿಗಣೆ, ಅಡಿಕೆತೋಟ, ಹಾಡುಹಗಲಲ್ಲೇ ಕತ್ತಲಾಗುವ ಕಾಡು ಇವೆಲ್ಲ ನಮಗೆ ಲಂಕೆಯಷ್ಟೇ ದೂರದವು. ಮರವೆಂದರೆ ಬೇವು, ಜಾಲಿ ಎಂದಷ್ಟೇ ಬಲ್ಲವರಿಗೆ ಆ ಕಾಡನ್ನು ಹೇಗೆ ಕಾಣಿಸುವುದು? ಆದರೆ ಕೊನೆಗೆ ಗುತ್ತಿಯ ನಾಯಿ ಹುಲಿಯ ತುಂಬಿದ ತುಂಗೆಯಲ್ಲಿ ಕೊಚ್ಚಿಹೋಗುವ ಭಾಗ ಬಂದಾಗ ಅಪ್ಪ ಕೈಯೆತ್ತಿ ನನ್ನ ಓದನ್ನು ನಿಲ್ಲಿಸಿದರು. "ಆ ಹೊಳಿ ಅಂದ್ರ ನಮ್ಮ ಹೊಳೀನ ಅಲ್ಲೇನು?"

ನಿಜ. ಕೂಡ್ಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು, ತುಂಗಭದ್ರೆಯಾಗಿ, ಮಾನ್ವಿ ಸೀಮೆಯ ದಕ್ಷಿಣದ ಅಂಚನ್ನು ತೊಳೆದು ಮುಂದೆ ಹೋಗುವುದು ಆ ಹೊಳೆಯೇ. ಮಲೆನಾಡಿನಲ್ಲಿ ಬಿದ್ದ ಮಳೆಯೇ ಎಡದಂಡೆ ಕಾಲುವೆಯಲ್ಲಿ ಹರಿದು ಸಿಂಧನೂರು, ಮಾನ್ವಿಗಳಲ್ಲಿ ಭತ್ತವಾಗುತ್ತದೆ. ಕಾಲುವೆಯ ಕೊನೆಯವರಾದ ನಮ್ಮ ಕಡೆಗೆ ಬರುವ ಹೊತ್ತಿಗೆ ಸೊರಗುತ್ತದೆ. ನಾನು ನೂರಾರು ಪುಟ ಓದಿಯೂ ಆ ಕಾಡನ್ನು ದೂರದ ದೇಶವೆಂದೇ ಎಣಿಸಿದ್ದೆ. ಕಣ್ಣಿನಿಂದ ಓದಿದವನಿಗೆ ಸಿಕ್ಕದ ನಂಟು ಕಿವಿಯಿಂದ ಓದಿದವರಿಗೆ ಸಿಕ್ಕಿತ್ತು.

ಗಟ್ಟಿಯಾಗಿ ಓದುವುದರಿಂದ ನನಗೊಂದು ಲಾಭವೂ ಆಯಿತು. ಯಾವ ಕಾದಂಬರಿಯಲ್ಲಿ ಕಾಳೆಷ್ಟು ಹೊಟ್ಟೆಷ್ಟು ಎಂಬುದು ನಾಲಗೆಗೆ ತಿಳಿಯತೊಡಗಿತು. ಕಣ್ಣು ದಾಕ್ಷಿಣ್ಯದ ಪ್ರಾಣಿ. ಬೇಡವಾದ ಅರ್ಧ ಪುಟವನ್ನು ಸದ್ದಿಲ್ಲದೆ ಹಾರಿಹೋಗುತ್ತದೆ. ನಾಲಗೆಗೆ ಆ ಉಪಾಯವಿಲ್ಲ. ನಾಯಕ ನಾಯಕಿಗೆ ಮೂರು ಪುಟ ಉಪದೇಶ ಮಾಡಿದರೆ ಮೂರೂ ಪುಟವನ್ನು ಉಸಿರುಗಟ್ಟಿ ಓದಬೇಕು. ಅಂಥ ಕಡೆಗಳಲ್ಲಿ ಅಪ್ಪ ಮೆಲ್ಲಗೆ ಅಡಿಕೆ ಕತ್ತರಿಸತೊಡಗುತ್ತಿದ್ದರು. ಅಡಕತ್ತಿನ ಸದ್ದು ಕೇಳಿತೆಂದರೆ ಕಾದಂಬರಿಕಾರರು ದಾರಿ ತಪ್ಪಿದ್ದಾರೆಂದು ಅರ್ಥ. ಇಂದಿಗೂ ಹೊಸ ಕಾದಂಬರಿಯನ್ನು ಒಬ್ಬನೇ ಓದುವಾಗ ಕೆಲವು ಪುಟಗಳಲ್ಲಿ ಆ ಅಡಕತ್ತು ನನಗೆ ಕೇಳಿಸುತ್ತದೆ.

ಒಂದು ಸಂಗತಿ ಮಾತ್ರ ನಾನೆಣಿಸಿದಂತೆ ನಡೆಯಲಿಲ್ಲ. ನಮ್ಮ ಕಡೆಯ ಮಾತನ್ನು ಕಾದಂಬರಿಯಲ್ಲಿ ಕೇಳಿದರೆ ಅಪ್ಪ ಹಿಗ್ಗುವರೆಂದು ನಾನು ನಂಬಿದ್ದೆ. ಕಲಬುರಗಿ ಸೀಮೆಯ ಗೀತಾ ನಾಗಭೂಷಣರ 'ಬದುಕು' ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಮರುವರ್ಷ ಅದನ್ನು ತಂದು ಓದಿದೆ. ಆಗ ಅಪ್ಪನಿಗೆ ಎಂಬತ್ತೊಂದು. ಎರಡು ಪುಟ ಕೇಳಿ ಮುಖ ಸಿಂಡರಿಸಿದರು. "ಇದು ಪುಸ್ತಕ ಅಲ್ಲ. ಇದು ಮನೀ ಮಾತು. ಇದನ್ನ ಓದಬೇಕ್ಯಾಕ? ಓಣ್ಯಾಗ ನಿಂತರ ಕೇಳ್ತದ."

ನನಗೆ ವ್ಯಥೆಯಾಯಿತು. ಯೋಚಿಸಿದ ಮೇಲೆ ಅರ್ಥವೂ ಆಯಿತು. ಹುಡುಗನಿದ್ದಾಗಿನಿಂದ ಅವರು ಕಂಡ ಪುಸ್ತಕಗಳಲ್ಲಿ ತಾಯಿಯ ಮಾತು ಎಂದೂ ಇದ್ದಿಲ್ಲ. ಪುಸ್ತಕದ ಮಾತು ಬೇರೆ, ಒಲೆಯ ಮುಂದಿನ ಮಾತು ಬೇರೆ ಎಂದು ಕಲಿತೇ ಅವರು ಬೆಳೆದದ್ದು. ಮುದಿತನದಲ್ಲಿ ಆ ಒಲೆಯ ಮಾತೇ ಅಚ್ಚಾಗಿ ಬಂದು ಎದುರಿಗೆ ನಿಂತರೆ, ಅದನ್ನು ಮರ್ಯಾದೆಯಿಂದ ಬರಮಾಡಿಕೊಳ್ಳುವುದು ಸುಲಭವಲ್ಲ. ಆದರೆ ಮರುದಿನ ಸಂಜೆ ನಾನು ಬೇರೆ ಪುಸ್ತಕ ತೆಗೆದಾಗ ಅವರೇ, "ಆ ಹೆಣ್ಮಗಳ ಪುಸ್ತಕ ಎಲ್ಲಿ? ಮುಂದ ಏನಾತು?" ಎಂದು ಕೇಳಿದರು. ಪುಸ್ತಕ ಮುಗಿಯುವವರೆಗೆ ಒಂದು ದಿನವೂ ಬಿಡಲಿಲ್ಲ. ಮೆಚ್ಚಿದೆನೆಂದು ಬಾಯಿಬಿಟ್ಟು ಹೇಳಲೂ ಇಲ್ಲ. ಅಡಕತ್ತು ಮಾತ್ರ ಅಷ್ಟು ದಿನವೂ ಚೀಲದಲ್ಲಿಯೇ ಇತ್ತು. 2008ರಲ್ಲಿ ಅವರು ತೀರಿಕೊಂಡರು. ಕನ್ನಡದಲ್ಲಿ ಸಹಿ ಮಾಡುವುದೊಂದನ್ನು ಬಿಟ್ಟರೆ ಕೊನೆಯವರೆಗೂ ಕನ್ನಡ ಅಕ್ಷರ ಕಲಿಯಲಿಲ್ಲ.

ಆ ಕಾಲ ಮುಗಿಯಿತು, ಇನ್ನು ಕನ್ನಡದ ಮಕ್ಕಳೆಲ್ಲ ಕನ್ನಡ ಓದುವರು ಎಂದು ನಾನು ತಿಳಿದಿದ್ದೆ. ಈಗ ನನ್ನ ಮೊಮ್ಮಗಳು ಹೈದರಾಬಾದಿನಲ್ಲಿದ್ದಾಳೆ. ಹದಿನೈದು ವರ್ಷ, ಇಂಗ್ಲಿಷ್ ಶಾಲೆ. ಮಾತು ಅಪ್ಪಟ ನಮ್ಮ ಕಡೆಯದು. ಅಕ್ಷರ ಮಾತ್ರ ಬಾರದು. ಅವಳ ಮುತ್ತಜ್ಜ ಕನ್ನಡವನ್ನು ಕೇಳಬಲ್ಲವರಾಗಿದ್ದು ಉರ್ದು ಓದಿದರು. ಇವಳು ಕನ್ನಡವನ್ನು ಕೇಳಬಲ್ಲವಳಾಗಿ ಇಂಗ್ಲಿಷ್ ಓದುತ್ತಾಳೆ. ಅಂದು ದೊರೆಯ ಆಜ್ಞೆಯಿಂದಾದದ್ದು ಇಂದು ನಮ್ಮ ಒಪ್ಪಿಗೆಯಿಂದಲೇ ಆಗಿದೆ. ನಡುವೆ ಕನ್ನಡ ಓದುಬಲ್ಲವನು ನಾನೊಬ್ಬ, ಎರಡು ದಡಗಳ ನಡುವಿನ ಹರಿಗೋಲಿನವನ ಹಾಗೆ.

ಕಳೆದ ಬೇಸಿಗೆಯಲ್ಲಿ ವಿವೇಕ ಶಾನಭಾಗರ 'ಘಾಚರ್ ಘೋಚರ್' ಓದಿದೆ. ನೂರು ಪುಟದ ಆಸುಪಾಸಿನ ಪುಸ್ತಕ. ಬಡತನದಲ್ಲಿ ಒಟ್ಟಾಗಿದ್ದ ಮನೆಯೊಂದು ಮಸಾಲೆಪುಡಿಯ ವ್ಯಾಪಾರದಿಂದ ದುಡ್ಡು ಕಂಡ ಮೇಲೆ ಒಳಗೊಳಗೇ ಹೇಗೆ ಗಂಟುಬೀಳುತ್ತದೆ ಎಂಬ ಕಥೆ. ಹೆಸರಿನ ಆ ಎರಡು ಪದಗಳು ಯಾವ ನಿಘಂಟಿನಲ್ಲಿಯೂ ಇಲ್ಲ. ಬಿಡಿಸಲಾಗದ ಗೋಜಲಿಗೆ ಒಂದು ಮನೆಯವರು ತಮ್ಮಷ್ಟಕ್ಕೆ ಹುಟ್ಟಿಸಿಕೊಂಡ ಮಾತು. ಫೋನಿನಲ್ಲಿ ಮೊಮ್ಮಗಳಿಗೆ ಇದನ್ನು ಹೇಳಿದರೆ, ಅವಳು ಆ ಪುಸ್ತಕವನ್ನು ಆಗಲೇ ಇಂಗ್ಲಿಷಿನಲ್ಲಿ ಓದಿ ಮುಗಿಸಿದ್ದಳು! "ಹಂಗಾದರ ಕನ್ನಡದಾಗ ಕೇಳು," ಎಂದೆ. ಪ್ರತಿ ಭಾನುವಾರ ರಾತ್ರಿ ಅರ್ಧ ಗಂಟೆ ಓದತೊಡಗಿದೆ. ಅತ್ತೆ ಸೊಸೆಯರ ಕಲಹದ ಭಾಗ ಬಂದಾಗ ಅವಳು ನಕ್ಕು, "ಅಜ್ಜಾ, ಇಂಗ್ಲಿಷಿನಾಗ ಇವರು ಜಗಳಾಡಿದ್ದು ಗೊತ್ತಾಗಿತ್ತು. ಈಗ ಕೇಳಸ್ಲಿಕ್ಕತ್ತದ," ಎಂದಳು. ಆ ಅನುವಾದ ಚೆನ್ನಾಗಿಲ್ಲವೆಂದಲ್ಲ; ಅದರಿಂದಲೇ ಅವಳಿಗೆ ಪುಸ್ತಕದ ಪರಿಚಯವಾದದ್ದು. ಆದರೆ ಗೊತ್ತಾಗುವುದಕ್ಕೂ ಕೇಳಿಸುವುದಕ್ಕೂ ನಡುವೆ ಒಂದು ಹೊಸ್ತಿಲಿದೆ.

ಶಾಲೆಯ ಭಾಷೆ ಮನೆಯ ಭಾಷೆಯಾಗದಿದ್ದರೆ ಕೇಡೇ ಆಗಬೇಕೆಂದಿಲ್ಲ. ಮನೆಮಾತು ಉರ್ದುವಾಗಿದ್ದು ಕನ್ನಡ ಶಾಲೆಯಲ್ಲಿ ಕಲಿತ ಬಾನು ಮುಷ್ತಾಕರು ಕನ್ನಡದಲ್ಲಿ ಕಥೆ ಬರೆದರು. ದೀಪಾ ಭಾಸ್ತಿಯವರು ಮಾಡಿದ ಆ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. ಉರ್ದು ಓದಿದ ನಮ್ಮ ಹೆಂಬೇರಾಳದ ಶಾಂತರಸರು ಗಜಲನ್ನು ಕನ್ನಡಕ್ಕೆ ಕರೆತಂದರು. ಎರಡು ಭಾಷೆಯ ಮನೆಗೆ ಎರಡು ಬಾಗಿಲು. ಆದರೆ ಒಂದು ಬಾಗಿಲಿಗೆ ಹೊರಗಿನಿಂದ ಅಗಳಿ ಬಿದ್ದರೆ, ಒಳಗಿನವರು ಕಿವಿಗೊಟ್ಟು ಕೇಳಬಹುದೇ ಹೊರತು ಆಚೆ ಬರಲಾರರು. ಅಪ್ಪ ಎಂಬತ್ತನಾಲ್ಕು ವರ್ಷ ಹಾಗೆ ಕಿವಿಗೊಟ್ಟು ಕೂತಿದ್ದರು. ನಾನಿಲ್ಲದ ರಾತ್ರಿ ಅವರಿಗೆ ಕನ್ನಡ ಪುಸ್ತಕವೂ ಇರುತ್ತಿರಲಿಲ್ಲ.

ಕಿವಿ ಇದ್ದವರಿಗೆ ಅಕ್ಷರವೆಂಬುದು ಒಂದೆರಡು ತಿಂಗಳ ಕೆಲಸ. ಕಿವಿ ತಯಾರಾಗಲು ಮಾತ್ರ ಒಂದು ಬಾಲ್ಯವೇ ಬೇಕು. ಅದು ಮೊಮ್ಮಗಳಿಗೆ ಆಗಲೇ ಸಿಕ್ಕಿದೆ. ಇದನ್ನು ಉಪದೇಶದಿಂದ ತಿಳಿಸಹೋದರೆ ಅತ್ತ ಕಡೆ ಅವಳು ಅಡಿಕೆ ಕತ್ತರಿಸತೊಡಗುವಳೆಂದು ನನಗೆ ಗೊತ್ತು. ಆದ್ದರಿಂದ ಬೇರೆ ಉಪಾಯ ಹೂಡಿದ್ದೇನೆ. ಬರುವ ಭಾನುವಾರದಿಂದ 'ಮಲೆಗಳಲ್ಲಿ ಮದುಮಗಳು' ಹಚ್ಚುತ್ತಿದ್ದೇವೆ. ಬಲು ದಪ್ಪನೆಯ ಪುಸ್ತಕ. ವಾರಕ್ಕೆ ಐದು ಪುಟದಂತೆ ಎರಡೂವರೆ ವರ್ಷ ಹಿಡಿಯುತ್ತದೆ. ನನಗೆ ಈಗ ಎಪ್ಪತ್ತು. ಗಂಟಲು ಆಗಾಗ ಕೈಕೊಡುತ್ತದೆ. ಗುತ್ತಿ ಮತ್ತು ಹುಲಿಯ ನಡುಗಾಡಿನಲ್ಲಿರುವಾಗ ಒಂದು ಭಾನುವಾರ ಅಜ್ಜನ ದನಿ ಏಳದೆಹೋದರೆ, ಮುಂದೇನಾಯಿತೆಂದು ತಿಳಿಯುವ ತವಕಕ್ಕಾದರೂ ಅವಳು ತಾನೇ ಪುಸ್ತಕ ತೆರೆಯಬೇಕಾಗುತ್ತದೆ. ಹಾಗೆಂದು ಒಂದು ಪ್ರತಿಯನ್ನು ಈಗಲೇ ಅವಳ ವಿಳಾಸಕ್ಕೆ ಕಳಿಸಿದ್ದೇನೆ. ಜೊತೆಗೆ ಒಂದು ವರ್ಣಮಾಲೆಯ ಪುಸ್ತಕವನ್ನೂ ಇಟ್ಟಿದ್ದೇನೆ. ಅದರ ಮಾತನ್ನು ಮಾತ್ರ ಫೋನಿನಲ್ಲಿ ಎತ್ತಿಲ್ಲ.